118 ಕೋಟಿ ಯಾರ ಜೇಬಿಗೆ ಹೋಯ್ತು?

ನಮ್ಮ ಡೊಂಬಿವಲಿ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ 2025ರ ಮಾರ್ಚ್‌ನಿಂದ ಪೇಪರಿನ ಒಂದು ತುಣುಕು ಅಂಟಿಕೊಂಡಿದೆ. ಹಾಲಿನ ಲೆಕ್ಕದ ಚೀಟಿಗೂ ಗ್ಯಾಸ್ ಏಜೆನ್ಸಿಯ ನಂಬರಿಗೂ ನಡುವೆ. ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಎಂಬ ಚಿತ್ರ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾಯಿತು ಎನ್ನುವ ಸುದ್ದಿ. ಆಧುನಿಕ ಭಾರತೀಯ ಚಿತ್ರವೊಂದಕ್ಕೆ ಹರಾಜಿನಲ್ಲಿ ಆವರೆಗೆ ಸಿಕ್ಕಿದ್ದರಲ್ಲೇ ದೊಡ್ಡ ಬೆಲೆ. ಅಂಟಿಸಿದವಳು ನಮ್ಮ ಮಗಳು. ಅಪ್ಪನ ಕಣ್ಣಿಗೆ ಬೀಳಲಿ ಅಂತಲೇ ಅಂಟಿಸಿದ್ದು.

ವಿಷಯ ಇಷ್ಟೇ. ಹನ್ನೊಂದನೇ ಕ್ಲಾಸಿನ ಸೈನ್ಸ್ ವಿದ್ಯಾರ್ಥಿನಿ, ಒಂದು ದಿನ ಊಟದ ಹೊತ್ತಿಗೆ “ನಾನು ಇಂಜಿನಿಯರಿಂಗ್ ಮಾಡೋದಿಲ್ಲ, ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಹೋಗ್ತೇನೆ” ಅಂದುಬಿಟ್ಟಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಅರ್ಜಿ ನೋಡಿದ ನಮ್ಮ ಯಜಮಾನರು ಅನ್ನ ಕಲಸುವುದನ್ನು ನಿಲ್ಲಿಸಿದರು. “ಅದರಲ್ಲಿ ಊಟ ಹುಟ್ಟುತ್ತದಾ ಮಗಾ?” ಅಂತ ಕೇಳಿದರು. ಉತ್ತರವಾಗಿ ಮರುವಾರ ಫ್ರಿಜ್ಜಿನ ಮೇಲೆ ಈ ತುಣುಕು ಬಂತು.

ಇವರು ಕನ್ನಡಕ ಹಾಕಿ ಪೂರ್ತಿ ಓದಿದರು. “ಅದು ಹುಸೇನ್” ಅಂದು ಕನ್ನಡಕ ತೆಗೆದರು.

ನನ್ನ ಬಾಯಿಂದ ಮಾತ್ರ ಒಂದು ಪೆದ್ದು ಪ್ರಶ್ನೆ ಬಂತು. “ಅಷ್ಟು ದುಡ್ಡು ಯಾರಿಗೆ ಸಿಕ್ಕಿತು?”

ಪೆದ್ದು ಪ್ರಶ್ನೆಯೇನಲ್ಲ ಅಂತ ಆಮೇಲೆ ಗೊತ್ತಾಯಿತು. ಹುಸೇನರು ಆ ಚಿತ್ರ ಬರೆದದ್ದು 1954ರಲ್ಲಿ. ಹದಿನಾಲ್ಕು ಅಡಿಗೆ ಹತ್ತಿರ ಉದ್ದ, ಹಳ್ಳಿಯ ಬದುಕಿನ ಹದಿಮೂರು ನೋಟಗಳು. ಆಗ ಭಾರತದಲ್ಲಿ ಕೆಲಸದ ಮೇಲಿದ್ದ ನಾರ್ವೆಯ ಡಾಕ್ಟರೊಬ್ಬರು ಅದನ್ನು ಕೊಂಡು ಊರಿಗೆ ಒಯ್ದರು. ಅವರ ನಂತರ ಅದು ಓಸ್ಲೋದ ಆಸ್ಪತ್ರೆಗೆ ಸೇರಿ, ದಶಕಗಟ್ಟಲೆ ಅಲ್ಲೇ ಗೋಡೆಯ ಮೇಲೆ ಇತ್ತು. ಮಾರಾಟದ ದುಡ್ಡು ಆ ಆಸ್ಪತ್ರೆಗೆ, ಡಾಕ್ಟರುಗಳ ತರಬೇತಿಗೆ. ಒಳ್ಳೆಯ ಕೆಲಸವೇ. ಆದರೆ ಬರೆದವರು 2011ರಲ್ಲೇ ತೀರಿಕೊಂಡಿದ್ದಾರೆ. ಹುಸೇನರ ಲೆಕ್ಕಕ್ಕೆ ಬಂದದ್ದು 1954ರಲ್ಲಿ ಡಾಕ್ಟರು ಕೊಟ್ಟ ದುಡ್ಡು ಮಾತ್ರ.

“ಹಾಗಾದರೆ ಬದುಕಿರುವ ಚಿತ್ರಗಾರರಿಗೆ ಅನ್ನ ಎಲ್ಲಿಂದ ಬರುತ್ತದೆ?” ಅಂತ ಕೇಳಿದೆ. ಅಪ್ಪನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ. “ಹೋಗಿ ನೋಡಿಕೊಂಡು ಬಾ. ಅರ್ಜಿ ತುಂಬುವ ಹೊತ್ತಿಗೆ ನೀನೇ ಹೇಳು” ಅಂದರು ಇವರು. ತಮಾಷೆಗೆ ಅಂದರೋ ಏನೋ, ನಾನು ಹೊರಟೇಬಿಟ್ಟೆ.

ಮೊದಲ ಬಾಗಿಲು: ಜಹಾಂಗೀರ್

ಮದುವೆಯಾಗಿ ಮುಂಬಯಿಗೆ ಬಂದು ಇಪ್ಪತ್ತನಾಲ್ಕು ವರ್ಷ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಮುಂದೆ ಎಷ್ಟೋ ಸಲ ಹಾದು ಹೋಗಿದ್ದೇನೆ. ಊರಿಂದ ಬಂದ ನೆಂಟರನ್ನು ಪಕ್ಕದ ಮ್ಯೂಸಿಯಮ್ಮಿಗೂ ಗೇಟ್‌ವೇಗೂ ಕರೆದುಕೊಂಡು ಹೋಗಿದ್ದೇನೆ. ಗ್ಯಾಲರಿಯ ಮೆಟ್ಟಿಲು ಮಾತ್ರ ಹತ್ತಿರಲಿಲ್ಲ. ಟಿಕೆಟ್ ಎಷ್ಟೋ, ಯಾರು ಏನು ಕೇಳುತ್ತಾರೋ ಎಂಬ ಅಳುಕು. ಟಿಕೆಟ್ಟೇ ಇಲ್ಲ ಎನ್ನುವುದು ನನಗೆ ಗೊತ್ತಾದದ್ದು ಈ ಅಕ್ಟೋಬರಿನಲ್ಲಿ.

ಭಾನುವಾರ ಸೆಂಟ್ರಲ್ ಲೈನಿನ ಮೆಗಾ ಬ್ಲಾಕಿನ ಗೋಳು ನಿಮಗೆ ಗೊತ್ತಲ್ಲ, ಹಾಗಾಗಿ ಶನಿವಾರವೇ ಹೊರಟೆವು, ನಾನು ಮತ್ತು ಮಗಳು. ಸಿಎಸ್‌ಎಂಟಿಯಲ್ಲಿ ಇಳಿದು ಫೋರ್ಟಿನ ಒಳಗಿಂದ ನಡೆದರೆ ಇಪ್ಪತ್ತು ನಿಮಿಷ. ಗ್ಯಾಲರಿಯ ಹೊರಗಿನ ಫುಟ್‌ಪಾತಿನಲ್ಲೇ ಕಲಾವಿದರ ಸಾಲು. ಕೆಲವರು ಚಿತ್ರಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರೆ, ಕೆಲವರು ದಾರಿಹೋಕರನ್ನು ಸ್ಟೂಲಿನ ಮೇಲೆ ಕೂರಿಸಿ ಅರ್ಧ ಗಂಟೆಯಲ್ಲಿ ಪೆನ್ಸಿಲಿನಲ್ಲಿ ಮುಖ ಬರೆದು ಕೊಡುತ್ತಿದ್ದರು. ಮಗಳು ಅವರ ಕೈ ನೋಡುತ್ತ ನಿಂತಳು. ನಾನು ಅವರ ಮಧ್ಯಾಹ್ನದ ಊಟದ ಡಬ್ಬಿ ನೋಡುತ್ತಿದ್ದೆ. ತಾಯಿ ಅಂದ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಈ ಗ್ಯಾಲರಿಗೂ ನಮ್ಮ ಊರಿಗೂ ಒಂದು ನಂಟಿದೆ. ಸರ್ ಕಾವಸ್‌ಜೀ ಜಹಾಂಗೀರ್ ಅವರು ತೀರಿಹೋದ ಮಗನ ನೆನಪಿಗೆ ಕಟ್ಟಿಸಿದ ಕಟ್ಟಡ ಇದು. 1952ರಲ್ಲಿ ತೆರೆಯಿತು. ಚಿತ್ರಗಾರರಿಗೆ ಒಂದು ಜಾಗ ಬೇಕು ಎಂದು ಅವರನ್ನು ಒತ್ತಾಯಿಸಿದವರಲ್ಲಿ ಇಬ್ಬರ ಹೆಸರು ಮುಖ್ಯ. ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ನಮ್ಮ ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ಜೆ.ಜೆ. ಸ್ಕೂಲಿನಲ್ಲೇ ಕಲಿತು, ಮುಂಬಯಿಯಲ್ಲೇ ನೆಲೆಸಿ, ಪದ್ಮಭೂಷಣದವರೆಗೆ ಹೋದವರು. ಮಗಳು ಇದನ್ನು ಹೇಳಿದಾಗ ನನಗೆ ಒಂಥರಾ ಸಂಕೋಚವಾಯಿತು. ನಮ್ಮೂರಿನವರು ಕೇಳಿ ತೆಗೆಸಿದ ಬಾಗಿಲಿನ ಹೊರಗೆ ನಾನು ಇಪ್ಪತ್ತನಾಲ್ಕು ವರ್ಷ ನಿಂತಿದ್ದೆ!

ಒಳಗೆ ಒಂದು ಹಾಲಿನಲ್ಲಿ ಕನ್ನಡ ಕೇಳಿಸಿತು. ಮೂಲೆಯ ಕುರ್ಚಿಯಲ್ಲಿ ಕೂತ ಗಂಡಸೊಬ್ಬರು ಫೋನಿನಲ್ಲಿ ಯಾರಿಗೋ “ಇಲ್ಲಪ್ಪಾ, ಇನ್ನೂ ಒಂದs ಹೋಗ್ಯಾದ” ಅನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ನಾನೇ ಮಾತಾಡಿಸಿದೆ.

“ಅಯ್ಯ, ಕನ್ನಡದೋರೇನ್ರೀ ಅಕ್ಕಾರ! ಕೂಡ್ರಿ ಕೂಡ್ರಿ” ಅಂತ ಕುರ್ಚಿ ಬಿಟ್ಟುಕೊಟ್ಟರು. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಮೂವರು ಗೆಳೆಯರು ಸೇರಿ ಒಂದು ವಾರಕ್ಕೆ ಹಾಲ್ ಹಿಡಿದಿದ್ದರು. ಇಲ್ಲಿ ತಾರೀಕು ಸಿಗಬೇಕಾದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಂತೆ. ಅವರ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿ ಮಗಳ ಕೈಗೂ ಒಂದು ರೊಟ್ಟಿ ಕೊಟ್ಟರು.

ನಾನು ಬಂದ ಕಾರಣವನ್ನು ಮುಚ್ಚಿಡದೆ ಹೇಳಿದೆ. ಅವರೂ ಲೆಕ್ಕವನ್ನು ಮುಚ್ಚಿಡಲಿಲ್ಲ. ಹಾಲಿನ ಬಾಡಿಗೆ, ಫ್ರೇಮು, ಟೆಂಪೊ, ಆಮಂತ್ರಣ, ಉಳಿದುಕೊಳ್ಳುವ ಖರ್ಚು ಎಲ್ಲ ಸೇರಿ ತಮ್ಮ ಪಾಲಿಗೆ ಐವತ್ತು ಸಾವಿರದ ಮೇಲೆ. ತಂದದ್ದು ಹದಿನೆಂಟು ಚಿತ್ರ. ಶನಿವಾರದವರೆಗೆ ಹೋದದ್ದು ಒಂದು, ಇಪ್ಪತ್ತೆರಡು ಸಾವಿರಕ್ಕೆ.

“ನಷ್ಟ ಆಯ್ತಲ್ಲ ಹಾಗಾದರೆ?” ಅಂದೆ.

“ಮಾರಾಟ ಆದ್ರ ಖರ್ಚ್ ಬರ್ತದ್ರಿ. ಆಗ್ಲಿಲ್ಲಂದ್ರ ಚಿತ್ರ ಉಳೀತಾವ” ಅಂದು ನಕ್ಕರು. ಆಮೇಲೆ ಮಗಳ ಕಡೆ ತಿರುಗಿ ಗಂಭೀರವಾಗಿ ಹೇಳಿದರು. “ಕಲಿ ತಂಗಿ. ಖರೇನ ಕಲಿ. ಆದ್ರ ಚಿತ್ರ ಮಾರಿ ಉಣ್ತೀನಿ ಅಂತ ಹೊಂಡಬ್ಯಾಡ. ಉಂಡು ಚಿತ್ರ ಬರೀತೀನಿ ಅಂತ ಹೊಂಡು.”

ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ಕಲಿತು ಹೊರಬಿದ್ದ ಕೂಡಲೇ ಹುಡುಗರಿಗೆ ಮೆಸೇಜುಗಳು ಬರುತ್ತವೆ, ‘ನಿಮ್ಮ ಚಿತ್ರ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಆಯ್ಕೆಯಾಗಿದೆ, ಇಷ್ಟು ಸಾವಿರ ಕಟ್ಟಿ’ ಅಂತ. ಕಟ್ಟಿದರೆ ಒಂದು ಸರ್ಟಿಫಿಕೇಟು, ಒಂದು ಪದಕ. ಅವರೂ ಹೊಸದರಲ್ಲಿ ಎರಡು ಸಲ ಕಟ್ಟಿದ್ದರಂತೆ. “ನಿನ್ನ ಕಡಿಂದ ರೊಕ್ಕ ಕೇಳಿ ನಿನ್ನ ಹೊಗಳೋರು ಇರ್ತಾರ. ಹುಷಾರಿರು.”

ಅವರದೊಂದು ಚಿಕ್ಕ ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಕಪ್ಪು ಇಂಕಿನದು. ತೊಗರಿ ಒಣಗಿಸಿದ ಅಂಗಳ, ಒಂದು ಮೂಲೆಯಲ್ಲಿ ಮೊರ ಹಿಡಿದು ಕೇರುತ್ತಿರುವ ಮುದುಕಿ. ಬೆಲೆ ಆರೂವರೆ ಸಾವಿರ. ಕೇಳಿ ಸುಮ್ಮನಾದೆ. ಅವರ ಕಾರ್ಡು ಇಸಿದುಕೊಂಡು ಬಂದೆವು.

ಬೆಲ್ ಒತ್ತಿದರೆ ತೆರೆಯುವ ಬಾಗಿಲು

ಕೊಲಾಬಾ, ಫೋರ್ಟ್ ಕಡೆ ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಖಾಸಗಿ ಗ್ಯಾಲರಿಗಳಿವೆ. ಕೆಳಗೆ ಚಿಕ್ಕ ಬೋರ್ಡು, ಮರದ ಮೆಟ್ಟಿಲು, ಮುಚ್ಚಿದ ಬಾಗಿಲು. ಮೊದಲ ಸಲ ನಾನೊಬ್ಬಳೇ ಹೋದಾಗ ಬಾಗಿಲು ಮುಚ್ಚಿದೆ ಅಂತ ಹಾಗೇ ಇಳಿದು ಬಂದೆ. ಎರಡನೇ ಸಲ ಮಗಳು ಬೆಲ್ ಒತ್ತಿದಳು. ತೆರೆಯಿತು. “ಅಮ್ಮ, ಡೆಂಟಿಸ್ಟ್ ಹತ್ರ ಹೋದ್ರೆ ಬೆಲ್ ಒತ್ತೋದಿಲ್ವಾ?” ಅಂದಳು.

ಒಳಗೆ ಬೆಳ್ಳಗಿನ ಗೋಡೆ, ತಣ್ಣಗಿನ ಎಸಿ, ಮೇಜಿನ ಹಿಂದೆ ಲ್ಯಾಪ್‌ಟಾಪಿನ ಹುಡುಗಿ. ಯಾರೂ ಏನೂ ಕೇಳುವುದಿಲ್ಲ. ಕೇಳುವುದಿಲ್ಲ ಎನ್ನುವುದೇ ನನಗೆ ಕಷ್ಟ. ನಮ್ಮ ಮಾಟುಂಗದ ಸೀರೆ ಅಂಗಡಿಯಲ್ಲಾದರೆ ಕಾಲಿಡುವ ಮೊದಲೇ “ಯಾವ ರೇಂಜಲ್ಲಿ ತೋರಿಸಲಿ ಅಕ್ಕ” ಅಂತಾರೆ!

ಗೋಡೆಯ ಮೇಲೆ ಚಿತ್ರವೇ ಇರಬೇಕೆಂದಿಲ್ಲ ಎಂದು ತಿಳಿದದ್ದೂ ಇಲ್ಲೇ. ಒಂದು ಕಡೆ ಹಳೆಯ ತಗಡು ಕೊಯ್ದು ಜೋಡಿಸಿದ್ದರು. ಇನ್ನೊಂದು ಕಡೆ ಕತ್ತಲೆ ಕೋಣೆಯಲ್ಲಿ ಸಮುದ್ರದ ವಿಡಿಯೋ. “ಇದರ ಅರ್ಥ ಎಂತ?” ಅಂದೆ. ಮಗಳು ಹೇಳಿದ್ದು ನನಗೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. “ಅರ್ಥ ಆಮೇಲೆ ಅಮ್ಮ. ಮೊದಲು ಏನೇನು ಕಾಣ್ತದೆ ಅಂತ ಹೇಳು.” ನಾನು ಹೇಳತೊಡಗಿದೆ. ತಗಡು. ತುಕ್ಕು. ಇಲ್ಲಿ ಪೇಂಟು ಉಳಿದಿದೆ, ಎಣ್ಣೆ ಡಬ್ಬದ್ದು. ಇದು ಚಾಳಿನ ಮಾಡಿಗೆ ಹೊದಿಸುವ ತಗಡು. ನಾವು ಮೊದಲು ಇದ್ದ ಚಾಳಿನಲ್ಲಿ ಮಳೆಗಾಲ ಪೂರ್ತಿ ಇದರ ಮೇಲೆ ಬೀಳುತ್ತಿದ್ದ ಸದ್ದು... ಹೇಳುತ್ತ ಹೇಳುತ್ತ ಗಂಟಲು ಕಟ್ಟಿತು. ಅರ್ಥ ಕೇಳಿದವಳು ನಾನೇ ಅಲ್ಲವೇ ಅನ್ನಿಸಿತು.

ಗ್ಯಾಲರಿಯವರ ಕೆಲಸ ಬರೀ ಗೋಡೆ ಕೊಡುವುದಲ್ಲ ಎಂದು ಆ ಮೇಜಿನ ಹುಡುಗಿಯೇ ವಿವರಿಸಿದಳು. ಬಾಯಿಬಿಟ್ಟು ಕೇಳಿದರೆ ಎಲ್ಲರೂ ಹೇಳುತ್ತಾರೆ. ಕೆಲವು ಕಲಾವಿದರನ್ನು ಅವರು ವರ್ಷಗಟ್ಟಲೆ ತಮ್ಮವರೆಂದು ಇಟ್ಟುಕೊಳ್ಳುತ್ತಾರೆ. ಪ್ರದರ್ಶನ, ಕ್ಯಾಟಲಾಗು, ಗಿರಾಕಿ ಎಲ್ಲ ಅವರದು. ಮಾರಾಟವಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಗ್ಯಾಲರಿಗೆ ಹೋಗುವುದುಂಟು. “ಅರ್ಧವಾ!” ಅಂದೆ. ಆದರೆ ಬಾಡಿಗೆ ಕಟ್ಟಿ ಕೂತ ಕಲಬುರಗಿಯ ಮಾಸ್ತರರ ನೆನಪಾಯಿತು. ಅಲ್ಲಿ ಪೂರ್ತಿ ದುಡ್ಡು ಅವರದು, ಪೂರ್ತಿ ನಷ್ಟವೂ ಅವರದು. ಇಲ್ಲಿ ಎರಡರಲ್ಲೂ ಪಾಲು.

ಈ ನಗರದ ಹಳೆಯ ಗ್ಯಾಲರಿಗಳಲ್ಲಿ ಒಂದಾದ ‘ಕೆಮೌಲ್ಡ್’ ಹುಟ್ಟಿದ್ದೇ ಫ್ರೇಮಿನ ಅಂಗಡಿಯಿಂದ. ಕೇಕೂ ಗಾಂಧಿಯವರ ಫ್ರೇಮ್ ಕಂಪನಿ ‘ಕೆಮಿಕಲ್ ಮೌಲ್ಡಿಂಗ್’ ಎಂಬುದರ ಚುಟುಕು ರೂಪವೇ ಆ ಹೆಸರು. ಫ್ರೇಮು ತೋರಿಸಲು ಅಂಗಡಿಯ ಕಿಟಕಿಯಲ್ಲಿ ಗೆಳೆಯ ಕಲಾವಿದರ ಚಿತ್ರ ಇಡುತ್ತಿದ್ದರು. ಮುಂದೆ 1963ರಲ್ಲಿ ಜಹಾಂಗೀರ್ ಕಟ್ಟಡದಲ್ಲೇ ಗ್ಯಾಲರಿ ತೆರೆದರು. ಅಂದರೆ ಮಾರುವವರ ಕಡೆಯಲ್ಲೂ ಮೊದಲಿಗೆ ಅನ್ನ ಹಾಕಿದ್ದು ಫ್ರೇಮೇ.

ರೇಸ್‌ಕೋರ್ಸಿನ ಸಂತೆ

ನವೆಂಬರಿನಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ‘ಆರ್ಟ್ ಮುಂಬಯಿ’ ಎಂಬ ಕಲಾ ಮೇಳ ನಡೆಯುತ್ತದೆ. ಮೊದಲ ಸಲ ನಡೆದದ್ದು 2023ರಲ್ಲಿ. ಆಗಲೇ ಐವತ್ತಕ್ಕೂ ಹೆಚ್ಚು ಗ್ಯಾಲರಿಗಳು ಬಂದಿದ್ದವು. ದೆಹಲಿಯಲ್ಲಿ 2008ರಿಂದ ನಡೆಯುತ್ತಿರುವ ಮೇಳದ ಹಾಗೇ ಇದು. ಇದಕ್ಕೆ ಟಿಕೆಟ್ ಇದೆ. ಟಿಕೆಟ್ ಇದ್ದಲ್ಲಿಗೆ ಇವರೂ ಬಂದರು, ‘ದುಡ್ಡು ಕೊಟ್ಟ ಮೇಲೆ ಪೂರ್ತಿ ನೋಡಬೇಕು’ ಎಂಬ ಹಠದಿಂದ. ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿಯಲ್ಲಿ ಇಳಿದೆವು.

ದೊಡ್ಡ ಪೆಂಡಾಲು, ಒಳಗೆ ಓಣಿ ಓಣಿಯಾಗಿ ಮಳಿಗೆಗಳು. ನಮ್ಮ ಇವರು ಬ್ಯಾಂಕಿನವರಲ್ಲವೇ, ಚಿತ್ರ ನೋಡುವ ಮೊದಲು ಪಕ್ಕದ ಚೀಟಿ ನೋಡುತ್ತಾರೆ. ಹೆಚ್ಚಿನವುಗಳಲ್ಲಿ ಬೆಲೆಯೇ ಇರಲಿಲ್ಲ. ಕೇಳಿದರೆ ಮೆಲ್ಲಗೆ ಹೇಳುತ್ತಾರೆ. ಒಂದು ಕಡೆ ನಾನು ಕೇಳಿದೆ, ಆ ಯುವಕ ಉತ್ತರ ಕೊಟ್ಟದ್ದು ಇವರ ಮುಖ ನೋಡಿ! “ಕೇಳಿದ್ದು ಅವರು” ಅಂದರು ಇವರು. ಅಂದು ಸಂಜೆ ಇವರಿಗೆ ಇಷ್ಟದ ಅವಲಕ್ಕಿ ಒಗ್ಗರಣೆ ಮಾಡಿಕೊಟ್ಟೆ.

ಲಕ್ಷಗಳಲ್ಲಿ ಬೆಲೆ ಕೇಳಿ ಕೇಳಿ ಕಿವಿ ಮರಗಟ್ಟಿದ ಮೇಲೆ ಇವರ ಕಣ್ಣು ಚೀಟಿಯಿಂದ ಗೋಡೆಗೆ ಹೋಯಿತು. ಒಂದು ದೊಡ್ಡ ಕ್ಯಾನ್‌ವಾಸಿನ ಮುಂದೆ ಹತ್ತು ನಿಮಿಷ ನಿಂತರು. ಲೋಕಲ್ ಟ್ರೇನಿನ ಒಳಗೆ ನಿಂತು ನಿದ್ದೆ ಮಾಡುವ ಜನರ ಚಿತ್ರ. “ಇದು 7.52ರ ಫಾಸ್ಟ್” ಅಂದರು. ಅಷ್ಟೇ ಮಾತು.

ಮೇಳದಲ್ಲಿ ನನಗೆ ಕಂಡ ಇನ್ನೊಂದು ಸಂಗತಿ. ಅಲ್ಲಿ ಓಡಾಡುತ್ತಿದ್ದ ನೂರಾರು ಎಳೆಯ ಹುಡುಗ ಹುಡುಗಿಯರಲ್ಲಿ ಕೊಳ್ಳುವವರು ಯಾರೂ ಇರಲಿಕ್ಕಿಲ್ಲ, ಮಾರುವವರೂ ಅಲ್ಲ. ಚಿತ್ರ ತೂಗುಹಾಕುವವರು, ಬೆಳಕು ಹೊಂದಿಸುವವರು, ಕ್ಯಾಟಲಾಗು ವಿನ್ಯಾಸ ಮಾಡಿದವರು, ಹಳೆಯ ಕ್ಯಾನ್‌ವಾಸ್ ರಿಪೇರಿ ಕಲಿತವರು, ಮಕ್ಕಳಿಗೆ ಕಾರ್ಯಾಗಾರ ನಡೆಸುವವರು. ಅವರಲ್ಲಿ ನಾವು ಮಾತಾಡಿಸಿದ ಐದಾರು ಮಂದಿಯೂ ಕಲಾಶಾಲೆಯಲ್ಲಿ ಕಲಿತವರೇ. ಇವರು ಅದನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

ಅತ್ತೆ ನೋಡಿದ ಏಲಂ

ಹರಾಜು ಶ್ರೀಮಂತರ ಆಟ, ಅಲ್ಲಿ ನಮಗೇನು ಕೆಲಸ ಅಂದುಕೊಂಡಿದ್ದೆ. ಆದರೆ ಹರಾಜಿಗೆ ಕೆಲವು ದಿನ ಮೊದಲು ಚಿತ್ರಗಳನ್ನು ನೋಡಲು ಇಡುತ್ತಾರೆ. ನಾವು ಹೋದ ಕಡೆ ರಿಜಿಸ್ಟರಿನಲ್ಲಿ ಹೆಸರು ಬರೆದು ಒಳಗೆ ಹೋದೆವು, ಪುಕ್ಕಟೆ. ಡಿಸೆಂಬರಿನ ಒಂದು ಮಧ್ಯಾಹ್ನ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಇರಬೇಕಾದಂಥ ಚಿತ್ರಗಳನ್ನು ಒಂದು ಮಾರು ದೂರದಿಂದ ನೋಡಿದೆವು. ಇವತ್ತು ಕಂಡದ್ದು ಹರಾಜಾದ ಮೇಲೆ ಯಾರದೋ ಮನೆಗೆ ಹೋಗಿ ಮತ್ತೆಂದೂ ನಮ್ಮ ಕಣ್ಣಿಗೆ ಬೀಳದಿರಬಹುದು. ಅದಕ್ಕೇ ಬಿಡದೆ ನೋಡಬೇಕು ಅಂತ ಮಗಳು.

ಪ್ರತಿ ಚಿತ್ರಕ್ಕೂ ‘ಲಾಟ್’ ನಂಬರು. ಚೀಟಿಯಲ್ಲಿ ಅಳತೆ, ವರ್ಷ, ಅಂದಾಜು ಬೆಲೆ, ಮೊದಲು ಯಾರ ಬಳಿ ಇತ್ತು ಎಂಬ ಚರಿತ್ರೆ. ಈ ಚರಿತ್ರೆಯೇ ಚಿತ್ರದ ಜಾತಕ. ಅದಿಲ್ಲದಿದ್ದರೆ ನಕಲಿಯೋ ಎಂಬ ಅನುಮಾನ. ಜಾಮಿನಿ ರಾಯ್ ಅವರ ಚಿತ್ರದ ಪಕ್ಕದಲ್ಲಿ ‘ದೇಶದಿಂದ ಹೊರಗೆ ಒಯ್ಯುವಂತಿಲ್ಲ’ ಎಂದಿತ್ತು. ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ಟಾಗೋರ್ ಮನೆತನದ ಮೂವರು ಸೇರಿ ಒಂಬತ್ತು ಕಲಾವಿದರ ಕೃತಿಗಳಿಗೆ 1972ರ ಕಾನೂನಿನ ಪ್ರಕಾರ ಈ ಕಟ್ಟು ಇದೆ. ಒಂದು ಮೂಲೆಯಲ್ಲಿ ಹೆಬ್ಬಾರರ ರೇಖಾಚಿತ್ರವೊಂದೂ ಇತ್ತು. ಒಂದೇ ಗೆರೆ ಎಲ್ಲೂ ತಡವರಿಸದೆ ಹೋಗಿ ಕುಣಿಯುವ ಹೆಂಗಸಾಗಿತ್ತು.

ಹರಾಜಿನ ಸಂಜೆ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ನೇರಪ್ರಸಾರ. ಎಂಬತ್ತೆರಡರ ಅತ್ತೆ ಜಪಮಣಿ ಹಿಡಿದು ಪಕ್ಕಕ್ಕೆ ಬಂದು ಕೂತರು. ಮೇಜಿನ ಹಿಂದೆ ಕೋಟಿನವರು ಸುತ್ತಿಗೆ ಹಿಡಿದು ಬೆಲೆ ಏರಿಸುತ್ತಿದ್ದಾರೆ, ಎದುರಿಗೆ ಕೂತವರು ನಂಬರಿನ ಹಲಗೆ ಎತ್ತುತ್ತಿದ್ದಾರೆ, ಬದಿಯಲ್ಲಿ ಹತ್ತಾರು ಮಂದಿ ಫೋನಿನಲ್ಲಿ.

“ಇದು ಏಲಂ ಅಲ್ಲವನಾ?” ಅಂದರು ಅತ್ತೆ. “ನಮ್ಮ ದೇವಸ್ಥಾನದಲ್ಲಿ ಹೊರೆಕಾಣಿಕೆಯ ಬಾಳೆಗೊನೆ ಏಲಂ ಹಾಕುತ್ತಿದ್ದರಲ್ಲ. ಐದು ರೂಪಾಯಿಯ ಗೊನೆ ಐನೂರಕ್ಕೆ ಹೋಗುತ್ತಿತ್ತು. ಗೊನೆಗಲ್ಲ ಅದು, ಎದುರು ಕೂಗುವವನು ಇದ್ದಾನಲ್ಲ, ಅವನ ಮೇಲಿನ ಹಟಕ್ಕೆ.”

ನಾನು ಓದಿ ತಿಳಿದುಕೊಂಡದ್ದನ್ನೆಲ್ಲ ಅತ್ತೆ ಒಂದೇ ಮಾತಿನಲ್ಲಿ ಹೇಳಿದ್ದರು. ಇಬ್ಬರಿಗೆ ಒಂದೇ ಚಿತ್ರ ಬೇಕಾದರೆ ಬೆಲೆ ಏರುತ್ತದೆ. ಒಬ್ಬರಿಗೂ ಬೇಡವಾದರೆ, ಮಾರುವವರು ಒಳಗೊಳಗೇ ಇಟ್ಟುಕೊಂಡ ಕನಿಷ್ಠ ಬೆಲೆ ಮುಟ್ಟದೆ ಹಾಗೇ ವಾಪಸು. ಸುತ್ತಿಗೆ ಬಿದ್ದ ಬೆಲೆಯೇ ಕೊನೆಯದೂ ಅಲ್ಲ. ಹತ್ತು ಲಕ್ಷಕ್ಕೆ ಸುತ್ತಿಗೆ ಬಿತ್ತು, ಹರಾಜಿನವರ ಪ್ರೀಮಿಯಂ ಶೇಕಡ 20 ಅಂತಿಟ್ಟುಕೊಳ್ಳಿ, ಕೊಂಡವರು ಹನ್ನೆರಡು ಲಕ್ಷ ಕೊಡಬೇಕು. ಅದರ ಮೇಲೆ ತೆರಿಗೆ ಬೇರೆ.

“ಬರೆದವನಿಗೆ ಎಷ್ಟು?” ಅತ್ತೆಯ ಪ್ರಶ್ನೆಯೂ ನನ್ನದೇ.

ಇದಕ್ಕೆ ಉತ್ತರ ಹುಡುಕಿದವರು ಇವರು. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ 53ಎ ಎಂಬ ಕಲಂ ಇದೆಯಂತೆ. ಮೂಲ ಚಿತ್ರವೊಂದು ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಒಂದು ಪಾಲು ಕೇಳುವ ಹಕ್ಕಿದೆ. ಪಾಲು ಶೇಕಡ 10 ಮೀರುವಂತಿಲ್ಲ. ಓದಿ ನನಗೆ ಖುಷಿಯಾಯಿತು. ಆದರೆ ಪಾಲು ಎಷ್ಟು ಎಂದು ಪ್ರತಿ ಸಲ ಗೊತ್ತುಮಾಡಿಸಿಕೊಳ್ಳಬೇಕು, ಅದಕ್ಕೆ ಓಡಾಡುವವರು ಯಾರು? ಕಲಂ ಪುಸ್ತಕದಲ್ಲಿದೆ, ಜಾರಿಯಾಗುವುದು ತೀರಾ ಅಪರೂಪ.

2025ರ ಸೆಪ್ಟೆಂಬರಿನಲ್ಲಿ ದೆಹಲಿಯ ಹರಾಜೊಂದರಲ್ಲಿ ವಿ.ಎಸ್. ಗಾಯ್ತೊಂಡೆಯವರ ಚಿತ್ರ 67.08 ಕೋಟಿಗೆ ಹೋಯಿತು. ಜೆ.ಜೆ. ಸ್ಕೂಲಿನಲ್ಲಿ ಕಲಿತ ಗಾಯ್ತೊಂಡೆ ದೆಹಲಿಯ ನಿಜಾಮುದ್ದೀನಿನಲ್ಲಿ ಮಹಡಿಯ ಮೇಲಿನ ಚಿಕ್ಕ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದವರು. 2001ರಲ್ಲಿ ತೀರಿಕೊಂಡರು. ಹುಸೇನರು ಎಳವೆಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು, ಮಕ್ಕಳ ಆಟಿಕೆ, ಪೀಠೋಪಕರಣಗಳ ವಿನ್ಯಾಸ ಮಾಡಿ ಸಂಸಾರ ಸಾಕಿದವರು. ‘ಉಂಡು ಚಿತ್ರ ಬರೀ’ ಎಂದ ಮಾಸ್ತರರ ಮಾತು ಸಣ್ಣದೇನೂ ಅಲ್ಲ. ದೊಡ್ಡವರೂ ಹಾಗೇ ಮಾಡಿದ್ದು.

ನನ್ನ ವರದಿ

ಜನವರಿಯ ಒಂದು ರಾತ್ರಿ ಊಟವಾದ ಮೇಲೆ ನನ್ನ ವರದಿ ಒಪ್ಪಿಸಿದೆ. ಕೋಟಿಯ ಸುದ್ದಿಗೂ ಮಗಳ ಬದುಕಿಗೂ ಸಂಬಂಧವಿಲ್ಲ, ಆ ತುಣುಕಿನ ಮೇಲೆ ಅವಳು ಆಸೆ ಇಡುವುದೂ ಬೇಡ, ನೀವು ಅದನ್ನು ಗೇಲಿ ಮಾಡುವುದೂ ಬೇಡ. ಕಲಾವಿದರಿಗೆ ದುಡ್ಡು ಬರುವುದು ಮೊದಲ ಮಾರಾಟದಲ್ಲಿ. ಅದು ಸಾವಿರಗಳ ಲೆಕ್ಕ, ನಮ್ಮಂಥವರ ಕೈಯಳತೆಯದು. ನಮ್ಮಂಥವರು ಒಳಗೇ ಕಾಲಿಡದಿದ್ದರೆ ಆ ಸಾವಿರವೂ ಇಲ್ಲ. ಚಿತ್ರ ಮಾರಿಯೇ ಬದುಕುವವರು ಕಡಿಮೆ. ಆದರೆ ಕಲಿತ ಕೈಗೆ ಪಾಠ, ವಿನ್ಯಾಸ, ಮ್ಯೂಸಿಯಂ ಹೀಗೆ ಕೆಲಸವಿದೆ. ಅನ್ನ ಇದೆ, ಪಾಯಸದ ಭರವಸೆ ಇಲ್ಲ.

ಇವರು ಬಹಳ ಹೊತ್ತು ಸುಮ್ಮನಿದ್ದರು. “ಇಂಜಿನಿಯರಿಂಗಿನಲ್ಲಿ ಈಗ ಪಾಯಸದ ಭರವಸೆ ಉಂಟಾ?” ಅಂತ ತಮ್ಮನ್ನೇ ಕೇಳಿಕೊಂಡರು. ಮಗಳ ಮುಂದೆ ಎರಡು ಷರತ್ತು ಇಟ್ಟರು. ಹನ್ನೆರಡನೆಯದನ್ನು ಕೈಬಿಡದೆ ಚೆನ್ನಾಗಿ ಮುಗಿಸಬೇಕು. ಚಿತ್ರಕಲೆಯ ಜತೆ ಅನ್ವಯಿಕ ಕಲೆಗೂ ಅರ್ಜಿ ಹಾಕಬೇಕು. ಮಗಳು ಒಂದಕ್ಕೆ ಒಪ್ಪಿದಳು, ಇನ್ನೊಂದಕ್ಕೆ ಮುಖ ಊದಿಸಿದಳು, ಕಡೆಗೆ ಅದಕ್ಕೂ ಒಪ್ಪಿದಳು. ಪ್ರವೇಶ ಪರೀಕ್ಷೆ ಇನ್ನೂ ಮುಂದಿದೆ. ಸೀಟು ಸಿಗುತ್ತದೋ ಇಲ್ಲವೋ ದೇವರೇ ಬಲ್ಲ.

ಮರುದಿನ ನಾನು ಕಲಬುರಗಿಗೆ ಫೋನ್ ಮಾಡಿದೆ. “ಮಾಸ್ತರೇ, ಆ ಮೊರದ ಅಜ್ಜಿ ಇದ್ದಾಳಾ?”

“ಅದಾಳ್ರೀ ಅಕ್ಕಾರ. ಎಲ್ಲಿ ಹೋಗ್ತಾಳ!”

ಹುಟ್ಟುಹಬ್ಬಕ್ಕೆಂದು ಇವರು ಕೊಟ್ಟ ದುಡ್ಡು ಇತ್ತು. ಈಗಿನ ರೇಟಿನಲ್ಲಿ ಆರೂವರೆ ಸಾವಿರಕ್ಕೆ ಒಂದು ಗ್ರಾಂ ಚಿನ್ನವೂ ಬರುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಬರುತ್ತಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದು ಪ್ಯಾಕೆಟ್ಟನ್ನು ಕೈಗೆ ಕೊಟ್ಟ. ಜತೆಗೆ ಮಾಸ್ತರರ ಸಹಿಯ ರಸೀದಿ. ಚಿತ್ರದ ಹೆಸರು, ವರ್ಷ, ಅಳತೆ ಎಲ್ಲ ಬರೆದದ್ದು.

ನೋಡಲು ಹೊರಡುವ ಓದುಗರಿಗೆ ನನ್ನದೊಂದೆರಡು ಮಾತು. ಚಪ್ಪಲಿ ಹಳೆಯದು, ಮೆತ್ತಗಿನದು ಹಾಕಿಕೊಳ್ಳಿ. ಒಂದು ದಿನಕ್ಕೆ ಎರಡು ಮೂರು ಕಡೆ ಸಾಕು. ಬೆಲ್ ಒತ್ತಿ, ಬೆಲೆ ಕೇಳಿ, ಕೊಳ್ಳಲೇಬೇಕೆಂದಿಲ್ಲ. ಕೊಂಡರೆ ರಸೀದಿ ಬಿಡಬೇಡಿ. ಮುಂದೆ ಬೆಲೆ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಗೋಡೆಯ ಮೇಲೆ ದಿನಾ ನೋಡಬೇಕು ಅನ್ನಿಸಿದರೆ ಮಾತ್ರ ಕೊಳ್ಳಿ. ಬೆಂಗಳೂರಿನವರಿಗಂತೂ ದೂರ ಹೋಗುವುದೇ ಬೇಡ, ಚಿತ್ರಕಲಾ ಪರಿಷತ್ತಿನವರು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದ್ದಾರೆ. ಅಲ್ಲಿ ಬರೆದವರೇ ಎದುರಿಗೆ ನಿಂತಿರುತ್ತಾರೆ.

ಚಿತ್ರವನ್ನು ಊಟದ ಮೇಜಿನ ಎದುರಿನ ಗೋಡೆಗೆ ಹಾಕಿದೆವು. ಅತ್ತೆ ಹತ್ತಿರ ಹೋಗಿ, ಕನ್ನಡಕ ಏರಿಸಿ, ಮುದುಕಿಯ ಕೈಯನ್ನೇ ನೋಡಿದರು. “ಮೊರ ಸರಿ ಹಿಡಿದಿದ್ದಾಳೆ. ಎಡಗೈ ಸ್ವಲ್ಪ ಕೆಳಗೆ, ಹಾಗೇ. ಇದನ್ನು ಬರೆದವನು ತಾಯಿ ಕೇರುವುದನ್ನು ಕೂತು ನೋಡಿದ್ದಾನೆ” ಅಂದರು. ಗ್ಯಾಲರಿ, ಮೇಳ, ಹರಾಜು ಎಲ್ಲ ಸುತ್ತಿ ಬಂದ ನಾನು ಇಷ್ಟು ಸರಿಯಾಗಿ ನೋಡಿರಲಿಲ್ಲ.

ರಸೀದಿಯನ್ನು ಕಪಾಟಿನಲ್ಲಿಡಲು ಹುಡುಕಿದರೆ ಕಾಣಲಿಲ್ಲ. ಬೆಳಿಗ್ಗೆ ಹಾಲು ತೆಗೆಯಲು ಹೋದಾಗ ಕಂಡಿತು. ಫ್ರಿಜ್ಜಿನ ಬಾಗಿಲ ಮೇಲೆ, 118 ಕೋಟಿಯ ತುಣುಕಿನ ಕೆಳಗೆ, ಆರೂವರೆ ಸಾವಿರದ ರಸೀದಿ. ಅಂಟಿಸಿದವಳು ಮಗಳು ಅಂದುಕೊಂಡೆ. ಅಲ್ಲ, ಇವರು.

“ಇದು ಯಾರ ಜೇಬಿಗೆ ಹೋಯಿತು ಅಂತ ಗೊತ್ತುಂಟಲ್ಲ” ಅಂದರು, ಪೇಪರಿನಿಂದ ತಲೆ ಎತ್ತದೆ.